ಊದುಬತ್ತಿ ಸುಟ್ಟ ಮೊದಲ ಟ್ಯೂನು

ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಮದುವೆ ಮನೆಯಲ್ಲೋ ರೈಲಿನಲ್ಲೋ ಯಾರಾದರೂ ದನಿ ತಗ್ಗಿಸಿ, "ನಂಬಿದ್ರೆ ನಂಬಿ, ಬಿಟ್ರೆ ಬಿಡಿ" ಎಂದು ಶುರು ಮಾಡಿದರೆ ಸಾಕು, ನಾನು ಬಿಡುವವರ ಕಡೆ ಸೇರಿಕೊಂಡು ಕಥೆಯಲ್ಲಿ ಎಲ್ಲಿ ತೂತಿದೆ ಎಂದು ಹುಡುಕುತ್ತಾ ಕೂರುತ್ತಿದ್ದೆ. ತೂತು ಸಿಕ್ಕೇ ಸಿಗುತ್ತಿತ್ತು. ಒಮ್ಮೆ ನಮ್ಮ ಸೋದರಮಾವ ತಾವು ಹುಣಸೇಮರದ ಕೆಳಗೆ ಕಂಡ ಮೋಹಿನಿಯನ್ನು ವರ್ಣಿಸುತ್ತಿದ್ದಾಗ, "ಮಾವ, ಆವಾಗ ಕನ್ನಡಕ ಹಾಕ್ಕೊಂಡಿದ್ರಾ?" ಎಂದು ಕೇಳಿ, ಅವರು ಬಹಳ ದಿನ ನನ್ನ ಜೊತೆ ಮಾತು ಬಿಡುವಂತೆ ಮಾಡಿದ್ದೆ. ಈಗ ಅದೇ ಸಾಲಿನಲ್ಲಿ ನಾನೂ ಬಂದು ಕೂತಿದ್ದೇನೆ. ನೀವೂ ಧಾರಾಳವಾಗಿ ತೂತು ಹುಡುಕಿ. ನಾನು ಇಷ್ಟು ವರ್ಷ ಹುಡುಕಿ ಸೋತಿದ್ದೇನೆ.

ಎಪ್ಪತ್ತರ ದಶಕದ ಮಾತು. ರಾಜಾಜಿನಗರದ ಒಂದು ಬಾಡಿಗೆ ಮನೆಯಲ್ಲಿ ಅಪ್ಪ, ಅಮ್ಮ, ನಾನು ಇದ್ದೆವು. ನಾನು ಇಂಡಸ್ಟ್ರಿಯಲ್ ಏರಿಯಾದ ಒಂದು ಸಣ್ಣ ಫ್ಯಾಕ್ಟರಿಯ ಆಫೀಸಿನಲ್ಲಿ ಗುಮಾಸ್ತ. ಅಪ್ಪ ಮಿಡ್ಲ್ ಸ್ಕೂಲಿನ ಮೇಷ್ಟ್ರು. ಬೀದಿಯಲ್ಲಿ ಯಾರಿಗೂ ಅವರ ಹೆಸರು ಬೇಕಿರಲಿಲ್ಲ, ತರಕಾರಿಯವಳಿಂದ ಹಿಡಿದು ಎಲ್ಲರಿಗೂ ಅವರು ಮೇಷ್ಟ್ರೇ. ಬೆತ್ತ ಇಟ್ಟುಕೊಂಡಿದ್ದರು, ಹೊಡೆದದ್ದನ್ನು ಮಾತ್ರ ನಾನು ನೋಡಿಲ್ಲ. ಅವರದು ಒಂದೇ ಹಟ. ಪಾಠವನ್ನು ಮೊದಲಿನಿಂದ ಶುರು ಮಾಡಬೇಕು, ನಡುವೆ ಹಾರಿಸಬಾರದು. ವರ್ಷದ ಮಧ್ಯದಲ್ಲಿ ಬೇರೆ ಸ್ಕೂಲಿನಿಂದ ಹುಡುಗನೊಬ್ಬ ಬಂದು ಸೇರಿದರೆ, ಅವನನ್ನು ಸಂಜೆ ಮನೆಗೆ ಕರೆಸಿಕೊಂಡು ಮೊದಲನೇ ಪಾಠದಿಂದ ಹೇಳಿಕೊಡುತ್ತಿದ್ದರು. "ಅಡಿಪಾಯ ಇಲ್ದೆ ಅಟ್ಟ ಕಟ್ಟಕ್ಕಾಗತ್ತೇನೋ?" ಎನ್ನುವುದು ಅವರ ಖಾಯಂ ಮಾತು.

ನನ್ನ ಜೀವದ ಗೆಳೆಯ ಸೀನ ಪಕ್ಕದ ಬೀದಿಯವನು. ಗಿಟಾರ್ ಬಾರಿಸುತ್ತಿದ್ದ. ಅವನದೊಂದು ಆರ್ಕೆಸ್ಟ್ರಾ ಇತ್ತು. ಗಣೇಶನ ಪೆಂಡಾಲು, ಮದುವೆ ರಿಸೆಪ್ಷನ್ನು, ಎಲ್ಲಿ ಕರೆದರೆ ಅಲ್ಲಿಗೆ ಹೋಗುತ್ತಿದ್ದರು. ಗಾಯಕರು ಬರುವುದು ಯಾವಾಗಲೂ ತಡ. ಅವರು ಬಂದು, ಕಾಫಿ ಕುಡಿದು, ಗಂಟಲು ಸರಿಮಾಡಿಕೊಳ್ಳುವವರೆಗೆ ಜನ ಎದ್ದು ಹೋಗದಂತೆ ಗಿಟಾರಿನಲ್ಲೇ ಏನಾದರೂ ಬಾರಿಸಿ ಹಿಡಿದಿಡುವುದು ಸೀನನ ಕೆಲಸ. ಅದಕ್ಕಾಗಿ ಮಾತಿಲ್ಲದ ಟ್ಯೂನುಗಳನ್ನು ಹುಡುಕುತ್ತಾ ಹೊರಟವನು ಒಂದು ಹುಚ್ಚು ಹತ್ತಿಸಿಕೊಂಡ, ನನಗೂ ಹತ್ತಿಸಿದ.

ಆ ಹುಚ್ಚಿನ ಹೆಸರು ಸರ್ಫ್ ರಾಕ್ ಎನ್ನುವುದು ನಮಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಅಮೆರಿಕದಲ್ಲಿ ಸಮುದ್ರದ ಅಲೆಯ ಮೇಲೆ ಹಲಗೆ ಹಾಕಿಕೊಂಡು ಜಾರುವ ಆಟವೊಂದಿದೆಯಂತೆ. ಆ ದಡದ ಹುಡುಗರು ಕಟ್ಟಿದ ಸಂಗೀತ ಅದು. ಹಾಡುವವರು ಯಾರೂ ಇಲ್ಲ, ಗಿಟಾರೇ ಹಾಡುತ್ತದೆ. ಬಾವಿಗೆ ತಂಬಿಗೆ ಬಿದ್ದಾಗ ಒಳಗಿನಿಂದ ಒಂದು ದುಂಡನೆಯ ಸದ್ದು ಬರುತ್ತದಲ್ಲ, ಪ್ರತಿಯೊಂದು ಸ್ವರದ ಹಿಂದೆಯೂ ಅಂಥ ಒಂದು ಮರುದನಿ. ಸಮುದ್ರವನ್ನು ನಾನೂ ನೋಡಿರಲಿಲ್ಲ, ಸೀನನೂ ನೋಡಿರಲಿಲ್ಲ. ನಾವು ಕಂಡ ದೊಡ್ಡ ನೀರೆಂದರೆ ಸ್ಯಾಂಕಿ ಕೆರೆ. ಆದರೂ ಆ ರೆಕಾರ್ಡು ಹಾಕಿದರೆ ನಡುಮನೆಯ ನೆಲ ಸಣ್ಣಗೆ ಓಲಾಡುವಂತೆ ಅನಿಸುತ್ತಿತ್ತು.

ನನಗೆ ಅದು ಹಿಡಿಸಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು, ಹೇಳಲು ನಾಚಿಕೆಯೇನಿಲ್ಲ. ಇಂಗ್ಲಿಷ್ ಹಾಡು ನನಗೆ ಅರ್ಥವಾಗುತ್ತಿರಲಿಲ್ಲ. ಕಂಟೋನ್ಮೆಂಟಿನ ಕಾನ್ವೆಂಟ್ ಹುಡುಗರು ಸಾಲುಸಾಲು ಗುನುಗುವಾಗ ನಾನು ಸುಮ್ಮನೆ ತಲೆಯಾಡಿಸಬೇಕಾಗುತ್ತಿತ್ತು. ಇಲ್ಲಿ ಮಾತೇ ಇಲ್ಲದ ಮೇಲೆ ಅವರಿಗೂ ನಮಗೂ ಒಂದೇ ಬೆಂಚು. ಅದರಲ್ಲೂ ಹೆಸರಾಂತ ಬ್ಯಾಂಡುಗಳ ರೆಕಾರ್ಡು ದೊಡ್ಡ ಅಂಗಡಿಗಳ ಗಾಜಿನ ಹಿಂದೆ ಕೂತಿರುತ್ತಿದ್ದವು. ಯಾರೂ ಕೇಳದ ಬ್ಯಾಂಡುಗಳದು ಗುಜರಿಗೆ ಬಂದು ಬೀಳುತ್ತಿದ್ದವು. ನಮಗೆ ಬೇಕಾದದ್ದೂ ಅವೇ. ದೊಡ್ಡವರ ರೆಕಾರ್ಡು ತೊಳೆದು ಇಸ್ತ್ರಿ ಮಾಡಿದ ಹಾಗಿರುತ್ತದೆ. ಇವರದರಲ್ಲಿ ಡ್ರಮ್ಮಿನವನು ಉತ್ಸಾಹಕ್ಕೆ ಬಿದ್ದು ಒಂದು ಹೆಜ್ಜೆ ಮುಂದೆ ಓಡಿಬಿಡುತ್ತಾನೆ, ಗಿಟಾರಿನವನು ಒಂದು ಸ್ವರ ತಪ್ಪಿ ಅದನ್ನೇ ಬೇಕೆಂದು ಬಾರಿಸಿದವನಂತೆ ಮುಂದುವರಿಯುತ್ತಾನೆ. ಯಾರದೋ ಮನೆಯ ಕಾರ್ ಶೆಡ್ಡಿನಲ್ಲಿ ಸೇರಿ, ಅಕ್ಕಪಕ್ಕದವರಿಂದ ಬೈಸಿಕೊಂಡು ಕಲಿತ ಹುಡುಗರು ಅಂತ ಕೇಳಿದ ಕೂಡಲೇ ಗೊತ್ತಾಗುತ್ತದೆ. "ನಮ್ಮೋರೇ ಕಣೋ ಇವ್ರು, ಹುಟ್ಟಿದ್ ಜಾಗ ಬೇರೆ ಅಷ್ಟೆ" ಎನ್ನುತ್ತಿದ್ದ ಸೀನ.

ಒಂದು ವರ್ಷ ಆಯುಧಪೂಜೆಯ ಹಿಂದಿನ ದಿನ ಸೀನ ಗುಜರಿಯಿಂದ ಒಂದು ರೆಕಾರ್ಡು ತಂದ. ಬ್ಯಾಂಡಿನ ಹೆಸರು ಹೇಳಿ ಪ್ರಯೋಜನವಿಲ್ಲ, ನೀವು ಕೇಳಿರುವ ಸಾಧ್ಯತೆಯೇ ಇಲ್ಲ. ಹೊದಿಕೆಯ ಮೇಲೆ ಚಡ್ಡಿ ಹಾಕಿದ ಹುಡುಗರು ಅಲೆಯ ಮೇಲೆ ಹಲಗೆ ಹತ್ತಿ ನಿಂತಿದ್ದರು. ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಅಯ್ಯೋ, ಇವ್ರ್ಯಾಕ್ರೋ ಮನೆ ಬಾಗ್ಲು ಕಿತ್ಕೊಂಡ್ ನೀರಿಗ್ ಇಳ್ದಿದಾರೆ?" ಎಂದರು. ನಾನು ಆಗಲೇ ಪ್ಲೇಯರಿನ ಮುಚ್ಚಳ ತೆಗೆದಿದ್ದೆ. ಅಮ್ಮ ಕೈ ಅಡ್ಡ ಇಟ್ಟರು. ನಾಳೆ ಆಯುಧಪೂಜೆ, ಹೊಸ ಸಾಮಾನು ಮನೆಗೆ ಬಂದಿದೆ, ಪೂಜೆಯಾಗದೆ ಮುಟ್ಟಕೂಡದು ಎಂದು ಕಟ್ಟುನಿಟ್ಟು ಮಾಡಿದರು. ಗುಜರಿಯದು ಹೇಗಮ್ಮ ಹೊಸದಾಗುತ್ತದೆ ಎಂದರೆ, "ನಮ್ಮನೆಗ್ ಹೊಸ್ದಲ್ವಾ?" ಎಂದು ಬಾಯಿ ಮುಚ್ಚಿಸಿದರು.

ಮಾರನೆಯ ದಿನ ನಡುಮನೆಯಲ್ಲಿ ಎಲ್ಲವನ್ನೂ ಸಾಲಾಗಿ ಜೋಡಿಸಿದೆವು. ಅಪ್ಪನ ಬೆತ್ತ, ಸೀಮೆಸುಣ್ಣದ ಡಬ್ಬಿ, ಅಮ್ಮನ ಈಳಿಗೆಮಣೆ, ರೆಕಾರ್ಡ್ ಪ್ಲೇಯರು, ಸೀನನ ಗಿಟಾರು. ಅವರ ಮನೆಯಲ್ಲಿ ಗಿಟಾರನ್ನು ಆಯುಧ ಎಂದು ಒಪ್ಪಿರಲಿಲ್ಲವಾದ್ದರಿಂದ ಪೂಜೆ ನಮ್ಮಲ್ಲೇ. ಹೊಸ ರೆಕಾರ್ಡನ್ನು ಹೊದಿಕೆಯಿಂದ ತೆಗೆದು, ಮೊದಲನೇ ಮುಖ ಮೇಲೆ ಮಾಡಿ ಪ್ಲೇಯರಿನ ಮೇಲೆ ಇಟ್ಟೆವು. ನಟ್ಟನಡುವಿನ ಕಾಗದಕ್ಕೆ ಅಮ್ಮ ಕುಂಕುಮ ಇಟ್ಟರು. ಸೀನ ಭಕ್ತಿ ಹೆಚ್ಚಾಗಿ, ಒಂದು ಬಾಳೆಹಣ್ಣಿಗೆ ಊದುಬತ್ತಿಯ ಕಟ್ಟನ್ನೇ ಚುಚ್ಚಿ ಅದರ ಪಕ್ಕದಲ್ಲಿಟ್ಟ. ಆಮೇಲೆ ಎಲ್ಲರೂ ಅವನ ಸೈಕಲ್ಲಿಗೆ ಬೂದುಗುಂಬಳಕಾಯಿ ಒಡೆಯಲು ಬೀದಿಗೆ ಹೋದೆವು.

ವಾಪಸು ಬಂದಾಗ ಮನೆಯೊಳಗೆ ಏನೋ ಕಮಟು ವಾಸನೆ. ಕಳಿತ ಬಾಳೆಹಣ್ಣು ಕಟ್ಟಿನ ಭಾರಕ್ಕೆ ಒಂದು ಕಡೆ ವಾಲಿತ್ತು. ಊದುಬತ್ತಿಗಳು ರೆಕಾರ್ಡಿನ ಅಂಚಿಗೆ ಅಡ್ಡಬಿದ್ದು, ಅಲ್ಲೇ ನಿಧಾನಕ್ಕೆ ಉರಿದು ಬೂದಿಯಾಗಿದ್ದವು. ಅಂಚಿನಿಂದ ಒಂದು ಹೆಬ್ಬೆರಳು ಅಗಲದಷ್ಟು ಕರಗಿ ಬೊಬ್ಬೆ ಎದ್ದಿತ್ತು. ಸರಿಯಾಗಿ ಮೊದಲನೇ ಟ್ಯೂನು ಇರುವ ಜಾಗ. ಮುಳ್ಳು ಇಟ್ಟರೆ ಕರ್‍ರ್ ಎಂದು ಹಾರಿ ಆಚೆಗೆ ಬೀಳುತ್ತಿತ್ತು. ಹಿಂದಿನ ಮುಖ ಹೇಗೋ ಉಳಿದುಕೊಂಡಿತ್ತು, ಒಂದೆರಡು ಕಡೆ ಟಕ್ ಟಕ್ ಎನ್ನುತ್ತಿತ್ತು, ಅಷ್ಟೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಒಂದೇ ಒಂದು ಸಲವೂ ಕೇಳುವ ಮೊದಲೇ ಆ ಟ್ಯೂನು ದೇವರ ಪಾಲಾಯಿತು. ಸೀನ ತಲೆ ತಲೆ ಚಚ್ಚಿಕೊಂಡ. ಅಮ್ಮನಿಗೂ ಬೇಜಾರಾಗಿ ಅವನಿಗೆ ಒಬ್ಬಟ್ಟು ಒಂದು ಜಾಸ್ತಿ ಬಡಿಸಿದರು.

ಅಂದಿನಿಂದ ಆ ರೆಕಾರ್ಡು ಹಾಕುವುದೆಂದರೆ ಬೊಬ್ಬೆಯ ಆಚೆಗೆ ಮುಳ್ಳು ಇಟ್ಟು ಎರಡನೇ ಟ್ಯೂನಿನಿಂದ ಶುರು ಮಾಡುವುದು ಎಂದಾಯಿತು. ಉಳಿದವು ಅಷ್ಟು ಚೆನ್ನಾಗಿದ್ದವು ನೋಡಿ, ನಮ್ಮಲ್ಲಿದ್ದ ಎಲ್ಲ ರೆಕಾರ್ಡುಗಳಿಗಿಂತ ಅದನ್ನೇ ಹೆಚ್ಚು ಹಾಕಿದೆವು. ಅಪ್ಪ ಅಲ್ಲೇ ಮೂಲೆಯ ಬೆತ್ತದ ಕುರ್ಚಿಯಲ್ಲಿ ಕೂತು ಪೇಪರು ತಿದ್ದುತ್ತಿರುತ್ತಿದ್ದರು. ಅವರಿಗೆ ನಮ್ಮ ಸಂಗೀತ ಹಿಡಿಸಿತ್ತೋ ಇಲ್ಲವೋ ಹೇಳಲಾರೆ. ನಿಲ್ಲಿಸಿ ಎಂದು ಒಂದು ದಿನವೂ ಹೇಳಲಿಲ್ಲ. ಆದರೆ ಪ್ರತಿ ಸಲ ನಾನು ಮುಳ್ಳನ್ನು ಎತ್ತಿ ಬೊಬ್ಬೆ ದಾಟಿಸುವಾಗ ಕನ್ನಡಕದ ಮೇಲಿನಿಂದ ನೋಡಿ, "ನೋಡು, ಮತ್ತೆ ಎರಡನೇ ಪಾಠದಿಂದ! ಮೊದಲನೇದು ಯಾವಾಗ್ರಯ್ಯಾ ಓದೋದು?" ಎನ್ನುತ್ತಿದ್ದರು. ಸೀನ, "ಸುಟ್ಟೋಗಿದೆ ಮೇಷ್ಟ್ರೇ" ಎನ್ನುತ್ತಿದ್ದ. "ಪುಸ್ತಕ ಸುಟ್ರೆ ಪಾಠ ಸುಡತ್ತೇನೋ, ಹುಚ್ಚಪ್ಪ?" ಎಂದು ಅಪ್ಪ ನಗುತ್ತಿದ್ದರು. ಇದು ನಮ್ಮ ಮನೆಯ ದಿನನಿತ್ಯದ ತಮಾಷೆಯಾಗಿತ್ತು.

ಮುಂದಿನ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅಪ್ಪ ಸ್ಕೂಲಿಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದವರು ಬಾಗಿಲಲ್ಲೇ ಕುಸಿದರು. ಲಕ್ವ. ಬಲಗೈ, ಬಲಗಾಲು ಸೋತವು. ಮಾತು ಪೂರ್ತಿ ಹೋಯಿತು. ಜೀವಮಾನವೆಲ್ಲ ಗಂಟಲಿನಿಂದ ಅನ್ನ ದುಡಿದ ಮನುಷ್ಯನ ಬಾಯಿಂದ ಒಂದು ಹೂಂ ಕೂಡ ಹೊರಡದಂತಾಯಿತು. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು, ದನಿ ಬಂದರೂ ಬರಬಹುದು, ಏನಾದರೊಂದು ಸದ್ದು ಮಾಡಿದರೆ ಆಸೆ ಇಟ್ಟುಕೊಳ್ಳಿ, ಮಾತಾಡಿಸುತ್ತಾ ಇರಿ ಎಂದರು.

ಅಮ್ಮನಿಗೆ ಅಷ್ಟೇ ಸಾಕಾಯಿತು. ಕೂಸಿಗೆ ಮಾತು ಬರಲೆಂದು ಮಾಡುವಂತೆ ದಿನಾ ಬೆಳಿಗ್ಗೆ ಬಜೆ ತೇದು ಅಪ್ಪನ ನಾಲಿಗೆಗೆ ಹಚ್ಚುತ್ತಿದ್ದರು. ಖಾರಕ್ಕೆ ಅವರ ಕಣ್ಣಲ್ಲಿ ನೀರು ಬರುತ್ತಿತ್ತು, ದನಿ ಮಾತ್ರ ಬರುತ್ತಿರಲಿಲ್ಲ. ಹಳೆಯ ಶಿಷ್ಯರು ಬಂದು ಮಂಚದ ಪಕ್ಕ ಕೂತು ಮಗ್ಗಿ ಹೇಳಿದರು, ಪದ್ಯ ಹೇಳಿದರು, ಬೇಕೆಂದೇ ತಪ್ಪು ಹೇಳಿದರು. ತಪ್ಪು ಕೇಳಿಯೂ ಅಪ್ಪ ಸುಮ್ಮನಿದ್ದದ್ದನ್ನು ನೋಡಿ ನನ್ನ ಎದೆ ಒಡೆದುಹೋಯಿತು. ಒಂದು ಸಲ, ಒಂದೇ ಒಂದು ಸಲ ಅವರ ದನಿ ಕೇಳಿದರೆ ಸಾಕು ಎನಿಸುತ್ತಿತ್ತು. ಬೈಗುಳವಾದರೂ ಸರಿ.

ನಾವು ರೆಕಾರ್ಡು ಹಾಕುವುದನ್ನು ನಿಲ್ಲಿಸಿದ್ದೆವು. ಕಾಯಿಲೆಯವರಿರುವ ಮನೆ. ಆದರೆ ಕೆಲವು ತಿಂಗಳಾದ ಮೇಲೆ ಅಮ್ಮನೇ, "ಹಾಕ್ರೋ ಏನಾದ್ರೂ, ಮನೆ ಬಿಕೋ ಅನ್ನತ್ತೆ. ಅವರಿಗೂ ಅಭ್ಯಾಸ ಆಗಿತ್ತಲ್ಲ" ಎಂದರು. ಹಾಗಾಗಿ ಬೇಸಿಗೆಯ ಒಂದು ಸಂಜೆ, ದೀಪ ಹಚ್ಚುವ ಹೊತ್ತು, ಸೀನ ತನ್ನ ಹಳೆಯ ಮರದ ಗಿಟಾರು ಹಿಡಿದು ಬಂದ. ಅಪ್ಪನ ಮಂಚ ನಡುಮನೆಯಲ್ಲೇ ಇತ್ತು. ನಾನು ಆ ಸುಟ್ಟ ರೆಕಾರ್ಡನ್ನೇ ತೆಗೆದೆ. ಅಭ್ಯಾಸದ ಹಾಗೆ ಮುಳ್ಳನ್ನು ಬೊಬ್ಬೆಯ ಆಚೆಗೆ ದಾಟಿಸಿ, ಎರಡನೇ ಟ್ಯೂನು ಶುರುವಾಗುವ ಗೀರಿಗೆ ಇಟ್ಟೆ. ಇಟ್ಟದ್ದೇ ತಡ, ಕರೆಂಟು ಹೋಯಿತು.

ಆ ವರ್ಷಗಳಲ್ಲಿ ಅದೇನೂ ವಿಶೇಷವಲ್ಲ. ಡ್ಯಾಮಿನಲ್ಲಿ ನೀರಿಲ್ಲ ಎನ್ನುತ್ತಿದ್ದರು, ದಿನಾ ಹೋಗುತ್ತಿತ್ತು. ಅಮ್ಮ ಅಡುಗೆಮನೆಯಿಂದ, "ಬೆಂಕಿಪಟ್ಣ ಎಲ್ಲೋ?" ಎಂದು ಕೂಗಿದರು. ನಾನು ಮುಳ್ಳನ್ನು ಅಲ್ಲೇ ಬಿಟ್ಟು, ತಡಕಾಡಿಕೊಂಡು ಒಳಗೆ ಹೋದೆ. ಅಮ್ಮ ಬುಡ್ಡಿ ದೀಪ ಹಚ್ಚುತ್ತಿದ್ದಾಗ ನಡುಮನೆಯಿಂದ ಯಾರೋ ಗುನುಗುವುದು ಕೇಳಿಸಿತು. ಸೀನ ಎಂದುಕೊಂಡೆ. ಆಮೇಲೆ ಅವನು ಹೇಳಿದ, ಅವನು ನಾನು ಎಂದುಕೊಂಡಿದ್ದನಂತೆ. ಅಮ್ಮ ಮಾತ್ರ ದೀಪ ಹಿಡಿದು ನಡುಮನೆಯ ಕಡೆ ಹೊರಟೇಬಿಟ್ಟರು. ಮೂವತ್ತು ವರ್ಷಕ್ಕೂ ಮಿಕ್ಕಿ ಕೇಳಿದ ದನಿ, ಅವರಿಗೆ ಗುರುತು ಸಿಗದೆ ಇರುತ್ತದೆಯೇ?

ಗುನುಗುತ್ತಿದ್ದದ್ದು ಅಪ್ಪ.

ನಾವು ಬಾಗಿಲಲ್ಲಿ ನಿಂತುಬಿಟ್ಟೆವು. ಹತ್ತಿರ ಹೋದರೆ ನಿಂತುಹೋದೀತು ಎಂಬ ಭಯ. ಅಪ್ಪ ಕಣ್ಣು ಮುಚ್ಚಿರಲಿಲ್ಲ, ಸೂರು ನೋಡುತ್ತಿದ್ದರು. ಎಡಗೈ ಬೆರಳು ಮಂಚದ ಪಟ್ಟಿಯ ಮೇಲೆ ತಾಳ ಹಾಕುತ್ತಿತ್ತು. ಬಾಯಿ ಮುಚ್ಚಿಕೊಂಡೇ, ಮೂಗಿನಿಂದ ಬರುವ ರಾಗ. ಕೆಳಗಿನಿಂದ ಶುರುವಾಗಿ ಮೆಟ್ಟಿಲು ಹತ್ತಿದಂತೆ ಮೇಲೆ ಹೋಗಿ, ಅಲ್ಲಿ ಒಂದು ಕ್ಷಣ ನಿಂತು, ಜಾರಿ ಕೆಳಗೆ ಬರುತ್ತಿತ್ತು. ದೇವರನಾಮವಲ್ಲ, ಸಿನಿಮಾ ಹಾಡಲ್ಲ. ನಡುವೆ ಒಂದು ಕಡೆ ನಿಲ್ಲಿಸಿ, ಬಾಯಿ ತೆರೆದು ಉದ್ದಕ್ಕೆ "ಹ್ಹಾಶ್ಶ್..." ಎಂದು ಉಸಿರು ಬಿಟ್ಟರು. ಪಾಪ, ಉಸಿರು ಸಾಲದಾಯಿತು, ಇಷ್ಟೇ ಎಂದುಕೊಂಡೆ. ಇಲ್ಲ, ಮತ್ತೆ ಎತ್ತಿಕೊಂಡರು. ಅದೇ ರಾಗ, ಮತ್ತೆ ಅದೇ ಜಾಗದಲ್ಲಿ ಅದೇ ಉಸಿರು. ಎರಡನೇ ಸುತ್ತಿಗೆ ಕತ್ತಲಲ್ಲಿ ಸೀನನ ಗಿಟಾರು ಬಹಳ ಮೆಲ್ಲಗೆ ಅವರ ಜೊತೆ ಸೇರಿಕೊಂಡಿತು.

ಮುಗಿಸಿದರು. ಅರ್ಧಕ್ಕೆ ಬಿಡಲಿಲ್ಲ, ಒಂದು ಪಾಠ ಮುಗಿಸುವಂತೆ ಸರಿಯಾಗಿ ಮುಗಿಸಿದರು. ಆಗ ಕರೆಂಟು ಬಂತು. ಪ್ಲೇಯರು ಗೊರಗೊರ ಎಂದು ತಿರುಗಲು ಶುರುವಾಗಿ, ಮುಳ್ಳು ಇದ್ದಲ್ಲಿಂದಲೇ ಎರಡನೇ ಟ್ಯೂನು ಹೊರಟಿತು. ಅಪ್ಪ ನಿಲ್ಲಿಸಿದ ಸ್ವರವನ್ನೇ ಹಿಡಿದು ಹೊರಟಿತು ಎಂದು ಸೀನ ಆಮೇಲೆ ಆಣೆ ಮಾಡಿ ಹೇಳಿದ.

ಅಮ್ಮ ದೀಪವನ್ನು ನೆಲಕ್ಕಿಟ್ಟು ಓಡಿಹೋಗಿ, "ಏನಂದ್ರೀ? ಇನ್ನೊಂದ್ಸಲ ಅನ್ನಿ, ನನ್ನ ಹೆಸರು ಅನ್ನಿ" ಎಂದು ಅವರ ಮುಖ ಹಿಡಿದುಕೊಂಡು ಅತ್ತರು. ಅಪ್ಪ ಅಮ್ಮನನ್ನು ನೋಡಿದರು, ನನ್ನನ್ನು ನೋಡಿದರು, ಪ್ಲೇಯರನ್ನು ನೋಡಿದರು. ದಡ್ಡ ಹುಡುಗನೊಬ್ಬ ಕೊನೆಗೂ ಲೆಕ್ಕ ಬಿಡಿಸಿದಾಗ ಅವರ ಮುಖದಲ್ಲಿ ಒಂದು ಸಣ್ಣ ನಗು ಬರುತ್ತಿತ್ತು, ಅದು ಬಂತು. ಅಷ್ಟೆ. ಮತ್ತೆ ಅವರು ದನಿ ತೆಗೆಯಲಿಲ್ಲ, ಅಂದೂ ಇಲ್ಲ, ಆಮೇಲೂ ಇಲ್ಲ. ಎಷ್ಟು ಸಂಜೆ ದೀಪ ಆರಿಸಿ ಕೂತು ಕಾದೆವೋ ಲೆಕ್ಕವಿಲ್ಲ. ಮಾರನೆಯ ವರ್ಷ ದಸರಾ ಕಳೆಯುತ್ತಿದ್ದಂತೆ ನಿದ್ದೆಯಲ್ಲೇ ಹೋಗಿಬಿಟ್ಟರು.

ಇಷ್ಟರಲ್ಲಿ ವಿಚಿತ್ರ ಏನೂ ಇಲ್ಲ, ನನಗೂ ಗೊತ್ತು. ಮಾತು ಹೋದವರಲ್ಲೂ ರಾಗ ಉಳಿದಿರುತ್ತದೆ, ಅದು ತಲೆಯ ಬೇರೆ ಮೂಲೆಯಲ್ಲಿರುತ್ತದೆ ಎಂದು ಡಾಕ್ಟರೇ ಹೇಳಿದರು. ಅದನ್ನು ಒಪ್ಪಿಕೊಂಡೆ. ಆ ರಾಗ ಯಾವುದು ಎಂಬುದಷ್ಟೇ ಉಳಿಯಿತು. ಅಪ್ಪನ ಸಹೋದ್ಯೋಗಿಗಳನ್ನು ಕೇಳಿದೆ, ಸ್ಕೂಲಿನ ಪ್ರಾರ್ಥನೆಯಲ್ಲ ಎಂದರು. ನಮ್ಮ ಬೀದಿಯ ಪಿಟೀಲು ಮೇಷ್ಟ್ರ ಮುಂದೆ ಸೀನ ಬಾರಿಸಿ ತೋರಿಸಿದ. ಅವರು ತಲೆ ತುರಿಸಿಕೊಂಡು, "ರಾಗ ಅಂತ ಹೊರಡತ್ತೆ, ಆಮೇಲೆ ಅಡ್ಡದಾರಿ ಹಿಡಿಯತ್ತಪ್ಪ" ಎಂದರು. ಅಪ್ಪನೇ ಕಟ್ಟಿದ್ದಿರಬೇಕು ಎಂದು ನಾವು ತೀರ್ಮಾನಿಸಿದೆವು. ಸುಟ್ಟ ಟ್ಯೂನಿನ ಯೋಚನೆ, ಸತ್ಯವಾಗಿ ಹೇಳುತ್ತೇನೆ, ಇಬ್ಬರ ತಲೆಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ?

ಸೀನ ಅದಕ್ಕೆ "ಮೇಷ್ಟ್ರ ಟ್ಯೂನು" ಎಂದು ಹೆಸರಿಟ್ಟ. ಅಂದಿನಿಂದ ಅವನ ಆರ್ಕೆಸ್ಟ್ರಾ ಎಲ್ಲಿ ಹೋದರೂ ಗಾಯಕರು ಬರುವ ಮೊದಲು ಬಾರಿಸುತ್ತಿದ್ದದ್ದು ಅದನ್ನೇ. ಮೊದಲು ಅದು, ಆಮೇಲೆ ಮಿಕ್ಕಿದ್ದು. ಉಸಿರಿನ ಜಾಗದಲ್ಲಿ ಬ್ಯಾಂಡು ಪೂರ್ತಿ ನಿಲ್ಲುತ್ತಿತ್ತು. "ಮೇಷ್ಟ್ರು ದಣಿವಾರಿಸ್ಕೊಂಡ ಜಾಗ ಅದು, ಅಲ್ಲಿ ಯಾರೂ ಏನೂ ಬಾರಿಸ್ಕೂಡ್ದು" ಎಂದು ಡ್ರಮ್ಮಿನವನಿಗೆ ತಾಕೀತು ಮಾಡಿದ್ದ. ನನಗಂತೂ ಪೆಂಡಾಲಿನಲ್ಲಿ ಅದು ಕೇಳಿದಾಗಲೆಲ್ಲ ಅಪ್ಪ ಎಲ್ಲೋ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ ಎನಿಸಿ ಹೊಟ್ಟೆ ತಣ್ಣಗಾಗುತ್ತಿತ್ತು.

ಆ ದಶಕದ ಕೊನೆಗೆ ವಿಜಯನಗರದಲ್ಲಿ ಒಂದು ಮದುವೆ ರಿಸೆಪ್ಷನ್ನು. ನಾನೂ ಹೋಗಿದ್ದೆ. ಸೀನ ಎಂದಿನಂತೆ ಮೇಷ್ಟ್ರ ಟ್ಯೂನು ಬಾರಿಸಿ ಮುಗಿಸಿದಾಗ, ಹೆಣ್ಣಿನ ಕಡೆಯ ಒಬ್ಬ ಹಿರಿಯರು ವೇದಿಕೆಯ ಹತ್ತಿರ ಬಂದರು. ಹಡಗಿನ ಎಂಜಿನ್ ರೂಮಿನಲ್ಲಿ ಕೆಲಸ ಮಾಡಿ ದೇಶದೇಶ ಸುತ್ತಿ ಬಂದು ಕೆಂಗೇರಿಯಲ್ಲಿ ಮನೆ ಕಟ್ಟಿಕೊಂಡಿದ್ದವರು ಎಂದು ಆಮೇಲೆ ತಿಳಿಯಿತು.

"ಚೆನ್ನಾಗ್ ಬಾರಿಸ್ದೆ ಕಣಯ್ಯಾ. ಆದ್ರೆ ಅಲೆ ಯಾಕೆ ಬಿಟ್ಟೆ?" ಎಂದರು.

"ಯಾವ ಅಲೆ ಸಾರ್?"

"ಮಧ್ಯದಲ್ಲಿ ಬರತ್ತಲ್ಲ, ಸಮುದ್ರದ ಅಲೆ. ನೀನು ಅಲ್ಲಿ ಸುಮ್ನೆ ನಿಂತ್ಬಿಟ್ಟೆ."

ಇದು ನಮ್ಮಪ್ಪನ ಟ್ಯೂನು, ನಿಮಗೆ ಬೇರೆ ಯಾವುದೋ ನೆನಪಾಗಿರಬೇಕು ಎಂದು ನಾನು ಸ್ವಲ್ಪ ಗಡುಸಾಗಿಯೇ ಹೇಳಿದೆ. ಅವರು ನಕ್ಕುಬಿಟ್ಟರು. ಯಾವುದೋ ಬಂದರಿನ ಅಂಗಡಿಯಲ್ಲಿ ಕೊಂಡ ರೆಕಾರ್ಡು, ಮನೆಯಲ್ಲಿದೆ, ಬಂದು ಕೇಳಿ ಎಂದರು. ಹೊದಿಕೆಯ ಮೇಲೆ ಏನಿದೆ ಎಂದು ಸೀನ ಕೇಳಿದ. ಅವರು ಹೇಳುತ್ತಾ ಹೋದಂತೆ ನನ್ನ ಕೈಯಲ್ಲಿದ್ದ ಮೈಸೂರುಪಾಕು ಬಾಯಿಗೆ ಹೋಗಲಿಲ್ಲ. ಚಡ್ಡಿ ಹಾಕಿದ ಹುಡುಗರು, ಅಲೆ, ಹಲಗೆ.

ಆ ಭಾನುವಾರವೇ ಬಸ್ಸು ಹತ್ತಿ ಕೆಂಗೇರಿಗೆ ಹೋದೆವು. ಅವರ ಹೆಂಡತಿ ಕೊಟ್ಟ ಕಾಫಿ ಮುಂದೆ ಆರುತ್ತಾ ಇತ್ತು. ಅವರು ನಮ್ಮದೇ ರೆಕಾರ್ಡು, ಆದರೆ ಒಂದು ಗೀರೂ ಇಲ್ಲದ್ದು, ತೆಗೆದು ಮೊದಲನೇ ಮುಖದ ಅಂಚಿಗೆ ಮುಳ್ಳು ಇಟ್ಟರು. ಬೊಬ್ಬೆ ಇರಬೇಕಾದ ಜಾಗದಲ್ಲಿ ಬೊಬ್ಬೆ ಇರಲಿಲ್ಲ. ಗಿಟಾರು ಕೆಳಗಿನಿಂದ ಶುರುವಾಗಿ ಮೆಟ್ಟಿಲು ಹತ್ತಿತು, ಮೇಲೆ ಒಂದು ಕ್ಷಣ ನಿಂತಿತು, ಜಾರಿತು. ಅಪ್ಪನ ರಾಗ. ಒಂದು ಸ್ವರ ಆಚೆಯಿಲ್ಲ, ಒಂದು ಸ್ವರ ಈಚೆಯಿಲ್ಲ. ನಡುವೆ ಎಲ್ಲ ವಾದ್ಯಗಳೂ ನಿಂತವು. ಆ ಮೌನದಲ್ಲಿ ಒಂದು ಅಲೆ ಬಂದು ದಡಕ್ಕೆ ಒಡೆದು ಹಿಂದಕ್ಕೆ ಸರಿಯಿತು. ಹ್ಹಾಶ್ಶ್...

ಉಸಿರು ಸಾಲದೆ ಅಲ್ಲ. ಅಪ್ಪ ಅಲೆಯನ್ನೂ ಬಿಟ್ಟಿರಲಿಲ್ಲ. ಮಾಗಡಿ ಕಡೆಯ ಹಳ್ಳಿಯಲ್ಲಿ ಹುಟ್ಟಿ, ರಾಜಾಜಿನಗರಕ್ಕೆ ಬಂದು, ಸಮುದ್ರದ ಮುಖವನ್ನೇ ನೋಡದೆ ತೀರಿಹೋದ ಮನುಷ್ಯ. ಸೀನ ಅಲ್ಲೇ, ಗುರುತು ಪರಿಚಯ ಇಲ್ಲದವರ ಮನೆಯಲ್ಲಿ, ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ನಾನೂ ಅತ್ತೆ. ಹಡಗಿನ ರಾಯರು ಗಾಬರಿಯಾಗಿ ರೆಕಾರ್ಡು ನಿಲ್ಲಿಸಲು ಹೋದರು, "ಬೇಡ ಸಾರ್, ಮುಗೀಲಿ" ಎಂದೆ.

ಆಮೇಲೆ ನಾನು ಮಾಡದ ಲೆಕ್ಕಾಚಾರವಿಲ್ಲ. ಅಪ್ಪ ಎಲ್ಲಾದರೂ ರೇಡಿಯೋದಲ್ಲಿ ಕೇಳಿದ್ದರೇ? ನಮ್ಮ ರೇಡಿಯೋ ವಾರ್ತೆ, ಕಚೇರಿ ಬಿಟ್ಟು ಬೇರೆ ಕಡೆ ತಿರುಗಿದ್ದಿಲ್ಲ. ಅಂಥ ಬ್ಯಾಂಡಿನ ಟ್ಯೂನನ್ನು ಯಾವ ಸ್ಟೇಷನ್ನಿನವರು ಹಾಕುತ್ತಾರೆ? ಕೇಳಿದ್ದರೆ, "ನೋಡ್ರೋ, ಸಿಕ್ತು ನಿಮ್ಮ ಮೊದಲನೇ ಪಾಠ" ಎಂದು ಹೇಳದೆ ಬಿಡುವ ಜಾಯಮಾನವೂ ಅವರದಲ್ಲ. ನನ್ನ ನೆನಪೇ ನನಗೆ ಮೋಸ ಮಾಡುತ್ತಿದೆ ಎನ್ನೋಣವೇ? ನೆನಪಿನದು ಬಿಡಿ, ಸೀನನ ಬೆರಳಲ್ಲಿ ಆ ಟ್ಯೂನು ವರ್ಷಾನುಗಟ್ಟಲೆ ಇತ್ತು. ಊರಿನ ಅರ್ಧ ಪೆಂಡಾಲುಗಳು ಅದನ್ನು ಕೇಳಿದ್ದವು. ಸೋದರಮಾವನ ಕಥೆಯಲ್ಲಿ ಸಿಕ್ಕಂಥ ತೂತು ನನ್ನ ಕಥೆಯಲ್ಲಿ ನನಗೆ ಸಿಕ್ಕಲಿಲ್ಲ. ಆಮೇಲೆ ಒಂದು ದಿನ ಮಾವನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ತಮ್ಮ ಕನ್ನಡಕ ತೆಗೆದು ನನ್ನ ಮುಂದೆ ಹಿಡಿದು, "ಬೇಕೇನೋ?" ಎಂದರು. ತಕ್ಕ ಶಾಸ್ತಿ.

ಅಮ್ಮನಿಗೆ ಮೊದಲೇ ಏನೂ ಹೇಳಿರಲಿಲ್ಲ. ಕೆಂಗೇರಿಯವರಿಂದ ರೆಕಾರ್ಡು ಕೇಳಿ ತಂದು, ಅಮ್ಮ ಅಡುಗೆಮನೆಯಲ್ಲಿದ್ದಾಗ ಹಾಕಿದೆವು. ಒಗ್ಗರಣೆಯ ಸದ್ದು ನಿಂತಿತು. ಅಲೆ ಬಂದು ಹೋಗುವ ಹೊತ್ತಿಗೆ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದು ನಿಂತಿದ್ದರು, ಅಂದು ದೀಪ ಹಿಡಿದು ನಿಂತಿದ್ದ ಅದೇ ಜಾಗದಲ್ಲಿ. ಪೂರ್ತಿ ಕೇಳಿದರು. ನಾನು ಸುಟ್ಟ ರೆಕಾರ್ಡು, ಕೆಂಗೇರಿ, ಅಲೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, "ಹೇಗಮ್ಮ ಇದು?" ಎಂದೆ. ಅಮ್ಮನಿಗೆ ನನ್ನ ಗಾಬರಿಯೇ ಅರ್ಥವಾಗಲಿಲ್ಲ.

"ಇದ್ರಲ್ಲಿ ಅತಿಶಯ ಏನ್ ಬಂತೋ? ಮೊದಲನೇ ಪಾಠ ಹೇಳ್ಕೊಡ್ದೆ ಎರಡನೇದಕ್ಕೆ ಬಿಡೋರಾ ಅವ್ರು?" ಎಂದರು. ಕಣ್ಣೊರೆಸಿಕೊಂಡು, ಒಗ್ಗರಣೆ ಸೀಯುತ್ತದೆ ಎಂದು ಒಳಗೆ ಹೋದರು.

ಅಮ್ಮನಷ್ಟು ಸುಲಭವಾಗಿ ಒಪ್ಪಿಕೊಳ್ಳಲು ನನಗೆ ಇವತ್ತಿಗೂ ಆಗಿಲ್ಲ. ಅಲ್ಲಗಳೆಯಲೂ ಆಗಿಲ್ಲ. ಹಡಗಿನ ರಾಯರು ಆ ಒಳ್ಳೆಯ ರೆಕಾರ್ಡನ್ನು ನೀವೇ ಇಟ್ಟುಕೊಳ್ಳಿ ಎಂದರು, ನಾನು ಸೀನನಿಗೆ ಕೊಟ್ಟೆ. ನನಗೆ ಸುಟ್ಟದ್ದೇ ಸಾಕು. ಅದನ್ನು ಈಗಲೂ ಒಮ್ಮೊಮ್ಮೆ ಸಂಜೆ ಹಾಕುತ್ತೇನೆ. ಮುಳ್ಳನ್ನು ಎತ್ತಿ ಬೊಬ್ಬೆಯ ಆಚೆಗೆ ಹಿಡಿಯುತ್ತೇನೆ, ಕೂಡಲೇ ಇಡುವುದಿಲ್ಲ. ಒಂದು ಟ್ಯೂನು ಮುಗಿಯುವಷ್ಟು ಹೊತ್ತು ಕೈಯಲ್ಲೇ ಹಿಡಿದು ಸುಮ್ಮನೆ ಕೂತಿರುತ್ತೇನೆ. ಆಮೇಲೆ ಎರಡನೇ ಪಾಠ ಶುರು ಮಾಡುತ್ತೇನೆ.